ನಕ್ಷೆಯ ಬಿಳಿ ಗೆರೆಗಳು

"ನೀರು ಬೇಕು ಅಂದ್ರೆ ಸ್ಮಶಾನ ಹುಡುಕಿ."

ಲಿಯೋನ್‌ನಲ್ಲಿ ಸೈಕಲ್ ಬಾಡಿಗೆಗೆ ಕೊಟ್ಟ ಹುಡುಗ ಚೈನಿಗೆ ಎಣ್ಣೆ ಬಿಡುತ್ತಾ ಹೇಳಿದ ಮಾತಿದು. ತಮಾಷೆ ಅಂದುಕೊಂಡೆ. ಅಲ್ಲ. ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸೈಕಲ್ ತುಳಿಯುವವರೆಲ್ಲ ಒಬ್ಬರಿಂದೊಬ್ಬರು ಕಲಿಯುವ ಪಾಠವಂತೆ. ಅಂಗಡಿ ಇಲ್ಲದ ಊರು ಇರಬಹುದು, ಸ್ಮಶಾನ ಇಲ್ಲದ ಊರು ಸಿಗೋದು ಕಷ್ಟ. ಸಮಾಧಿಯ ಹೂಕುಂಡಗಳಿಗೆ ಹಾಕಲು ಗೇಟಿನ ಹತ್ತಿರ ಒಂದು ನಲ್ಲಿ ಇರುತ್ತದೆ. ಕುಡಿಯಬಾರದು ಅಂತ ಬೋರ್ಡು ಹಾಕಿಲ್ಲದಿದ್ದರೆ ಬಾಟಲಿ ತುಂಬಿಸಿಕೊಳ್ಳಬಹುದು.

ನಾನು ಕಡೂರು ಸೀಮೆಯ ಒಂದು ಹಳ್ಳಿಯವನು. ಸ್ಮಶಾನದ ಪಕ್ಕದ ಹೊಲದಿಂದ ಬಂದರೂ ನಮ್ಮಜ್ಜಿ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಹಿತ್ತಲಿಂದ ನೇರ ಬಚ್ಚಲಿಗೆ. ಅಂಥ ಮನೆಯವನು ಮೊದಲ ದಿನ ಮಧ್ಯಾಹ್ನ ಹನ್ನೆರಡೂವರೆಗೆ, ಎರಡೂ ಬಾಟಲಿ ಬರಿದಾಗಿ, ಕಬ್ಬಿಣದ ಗೇಟು ತಳ್ಳಿ ಒಳಗೆ ಹೋದೆ. ನಲ್ಲಿ ತಿರುಗಿಸಿ ಬೊಗಸೆಯೊಡ್ಡಿ ಕುಡಿದೆ. ನೀರು ತಣ್ಣಗಿತ್ತು. ಅಜ್ಜಿಯನ್ನು ನೆನೆದು "ತಪ್ಪಾಯ್ತು" ಅಂದೆ. ಇನ್ನೊಂದು ಬೊಗಸೆ ಕುಡಿದೆ.

ಅಲ್ಲಿಗೆ ಹೇಗೆ ಬಂದೆ ಅಂತ ಹೇಳಬೇಕು. ಆಫೀಸ್ ಕೆಲಸಕ್ಕೆ ಲಿಯೋನ್‌ಗೆ ಹೋಗಿದ್ದೆ. ಕೆಲಸ ಮುಗಿದ ಮೇಲೆ ಶನಿವಾರ, ಭಾನುವಾರದ ಜೊತೆ ಸೋಮವಾರವನ್ನೂ ರಜಾ ಹಾಕಿದೆ. ಸೆಪ್ಟೆಂಬರ್ ಮಧ್ಯಭಾಗ. ಬೆಂಗಳೂರಿನಲ್ಲಿ ನಾನು ಬ್ರೆವೆ ಓಡಿಸುವವನು. ಗೊತ್ತಿಲ್ಲದವರಿಗೆ: 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, 600 ಕಿಲೋಮೀಟರನ್ನು 40 ಗಂಟೆಯಲ್ಲಿ ಮುಗಿಸಿ ಕಾರ್ಡಿಗೆ ಠಸ್ಸೆ ಹಾಕಿಸಿಕೊಳ್ಳುವ ಹುಚ್ಚು. ಆ ಹೆಸರು, ಆ ಲೆಕ್ಕ ಎಲ್ಲ ಫ್ರಾನ್ಸಿನಿಂದಲೇ ಬಂದದ್ದು. 1891ರಲ್ಲಿ ರೇಸಾಗಿ ಶುರುವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಸುಮಾರು 1,200 ಕಿಲೋಮೀಟರ್, ಹೆಚ್ಚಿನವರಿಗೆ 90 ಗಂಟೆಯ ಗಡುವು. 2023ರಲ್ಲಿ ನಮ್ಮ ದೇಶದಿಂದಲೂ ನೂರಾರು ಜನ ಹೋಗಿದ್ದರು. ಗೆಳೆಯರೊಬ್ಬರು ಮುಗಿಸಿಕೊಂಡು ಬಂದರು. ಹಳ್ಳಿಗಳು ಹೇಗಿದ್ದವು ಅಂತ ಕೇಳಿದೆ. "ನೆನಪಿಲ್ಲ ಕಣೋ. ಮುಂದಿನವರ ಹಿಂದಿನ ಲೈಟು ನೆನಪಿದೆ" ಅಂದರು.

ನನ್ನ ಕಥೆಯೂ ಅದೇ. ಇಷ್ಟು ವರ್ಷ ರಸ್ತೆಗಿಂತ ಜಾಸ್ತಿ ನೋಡಿದ್ದು ಹ್ಯಾಂಡಲ್ ಮೇಲಿನ ಪುಟ್ಟ ಪರದೆಯನ್ನು. ಈ ಸಲ ಅದನ್ನು ತರಲೇ ಇಲ್ಲ. ಒಂದು ಕಾಗದದ ನಕ್ಷೆ ಕೊಂಡೆ, ಮಿಷೆಲಿನ್‌ದು.

ಆ ನಕ್ಷೆ ಓದುವುದೇ ಒಂದು ಸುಖ. ದೊಡ್ಡ ರಸ್ತೆ ಕೆಂಪು. ಅದಕ್ಕಿಂತ ಚಿಕ್ಕದು ಹಳದಿ. ಇನ್ನೂ ಚಿಕ್ಕದು ಬಿಳಿ. ನೋಡಲು ಚೆನ್ನಾಗಿದೆ ಅನ್ನುವ ರಸ್ತೆಯ ಪಕ್ಕ ಹಸಿರು ಅಂಚು. ಏರು ಇದ್ದರೆ ಬಾಣದ ಗುರುತು. ಒಂದು ಬಾಣವಾದರೆ ಹಾಡಿಕೊಂಡು ಹತ್ತಬಹುದು, ಎರಡಾದರೆ ಹಾಡು ನಿಲ್ಲುತ್ತದೆ, ಮೂರಾದರೆ ಇಳಿದು ತಳ್ಳಿ. ಸೈಕಲ್ಲಿನವರಿಗೆ ಬೇಕಾದದ್ದು ಬಿಳಿ ಗೆರೆಗಳು. ಒಂದು ಚರ್ಚಿನಿಂದ ಇನ್ನೊಂದು ಚರ್ಚಿಗೆ, ಒಂದು ತೋಟದಿಂದ ಪಕ್ಕದ ತೋಟಕ್ಕೆ ಹೋಗುವ, ಕಾರೊಂದು ಕಷ್ಟಪಟ್ಟು ಹಿಡಿಸುವ ದಾರಿಗಳು. ಟಾರು ಮಾತ್ರ ನಮ್ಮ ಎಷ್ಟೋ ಹೆದ್ದಾರಿಗಿಂತ ನಯ. ಊರ ಹೊರಗೆ ಸೈಕಲ್ಲನ್ನು ದಾಟುವ ಕಾರು ಒಂದೂವರೆ ಮೀಟರ್ ದೂರ ಬಿಡಬೇಕು ಅಂತ ಅಲ್ಲಿ ಕಾನೂನು. ನಾನು ಕಂಡ ಮಟ್ಟಿಗೆ ಬಿಡುತ್ತಾರೆ ಕೂಡ. ನಮ್ಮಲ್ಲಿ ಒಂದೂವರೆ ಗೇಣು ಸಿಕ್ಕರೆ ದೇವರು ದೊಡ್ಡವನು.

ಲಿಯೋನ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಸೈಕಲ್ ಏರಿಸಿಕೊಂಡು ಸೋನ್ ನದಿಯ ದಡದ ಶಾಲೋನ್‌ನಲ್ಲಿ ಇಳಿದೆ. ಫೋಟೋಗ್ರಫಿಗೆ ಜನ್ಮ ಕೊಟ್ಟ ನಿಯೆಪ್ಸ್ ಹುಟ್ಟಿದ ಊರು. ಕ್ಯಾಮೆರಾದಲ್ಲಿ ತೆಗೆದು ಇಂದಿಗೂ ಉಳಿದಿರುವ ಅತಿ ಹಳೆಯ ಚಿತ್ರವನ್ನು ಅವನು 1826–27ರ ಸುಮಾರಿಗೆ ತೆಗೆದದ್ದು ಇಲ್ಲೇ ಹತ್ತಿರದ ಹಳ್ಳಿಮನೆಯ ಕಿಟಕಿಯಿಂದ. ಬೆಳಕು ಗಂಟೆಗಟ್ಟಲೆ ಬೀಳಬೇಕಿತ್ತು. ಹಾಗಾಗಿ ಅದರಲ್ಲಿ ಗೋಡೆ ಇದೆ, ಮಾಡು ಇದೆ, ಮನುಷ್ಯರಿಲ್ಲ. ಅಂಗಳದಲ್ಲಿ ಯಾರಾದರೂ ಓಡಾಡಿದ್ದರೂ ಚಿತ್ರಕ್ಕೆ ಅವರು ಅಂಟಿಕೊಳ್ಳುತ್ತಿರಲಿಲ್ಲ. ಮೂರು ದಿನ ಆ ಚಿತ್ರ ಮತ್ತೆ ಮತ್ತೆ ನೆನಪಾಯಿತು.

ಶಾಲೋನ್‌ನಿಂದ ಹತ್ತು ಕಿಲೋಮೀಟರಿಗೆ ಜಿವ್ರಿ. ಅಲ್ಲಿಂದ ಕ್ಲೂನಿಯವರೆಗೆ 44 ಕಿಲೋಮೀಟರ್ ಹಳೆಯ ರೈಲು ದಾರಿ. ಹಳಿ ಕಿತ್ತು ಟಾರು ಹಾಕಿ 1997ರಲ್ಲಿ ಸೈಕಲ್ಲಿಗೂ ನಡೆಯುವವರಿಗೂ ಬಿಟ್ಟುಕೊಟ್ಟರು. ಫ್ರಾನ್ಸಿನ ಮೊದಲ ವ್ವಾ ವೆರ್ತ್, ಅಂದರೆ ಹಸಿರು ದಾರಿ. ರೈಲಿಗೆ ಕಡಿದಾದ ಏರು ಹತ್ತಲು ಆಗುವುದಿಲ್ಲವಲ್ಲ, ಅದಕ್ಕೇ ಈ ದಾರಿ ಎಲ್ಲೂ ಕಾಲನ್ನು ಹಿಂಡುವುದಿಲ್ಲ. ಬಲಕ್ಕೆ ದ್ರಾಕ್ಷಿ ತೋಟದ ಇಳಿಜಾರು. ಎಡಕ್ಕೆ ಬಯಲಿನಲ್ಲಿ ಶಾರೊಲೆ ದನಗಳು, ಮೈಯೆಲ್ಲ ಕೆನೆಬಣ್ಣ. ನಮ್ಮೂರಿನವರ ಕಣ್ಣು ಮೊದಲು ಹೋಗುವುದು ಹೆಗಲಿಗೆ. ನೊಗ ಕಾಣದ ಹೆಗಲು. ಅವು ಮಾಂಸಕ್ಕೆ ಸಾಕಿದವು ಅಂತ ಗೊತ್ತಿದ್ದೂ ನಿಂತು ಮಾತಾಡಿಸಿದೆ. ಒಂದು ಹಸು ತಂತಿ ಬೇಲಿಯವರೆಗೆ ಬಂದು ಹ್ಯಾಂಡಲ್ ಮೂಸಿ ನೋಡಿ ಹೋಯಿತು.

ದ್ರಾಕ್ಷಿ ಕೊಯ್ಲಿನ ಕಾಲ. ತೋಟದ ಅಂಚಿನಲ್ಲಿ ಕೊಯ್ಯುವವರ ವ್ಯಾನುಗಳು, ಗಾಳಿಯಲ್ಲಿ ಹುಳಿ ಹಿಡಿದ ರಸದ ವಾಸನೆ. ಬುಸ್ಸಿ ಅನ್ನುವ ಊರು, ಬರೆಯುವಾಗ ಮಧ್ಯೆ ಎಕ್ಸ್ ಅಕ್ಷರ ಹಾಕುತ್ತಾರೆ, ಯಾಕೋ. ಆಮೇಲೆ ಸಾನ್ ಜಾಂಗೂ. ಹಿಂದೆ ಇದರ ಹೆಸರಿನ ಬಾಲದಲ್ಲಿ "ರಾಯಲ್" ಅಂತ ಇತ್ತು. ರಾಜರ ಕಾಲ ಮುಗಿದ ಮೇಲೆ ಅದು ಹೋಗಿ "ನ್ಯಾಷನಲ್" ಬಂತು. ಊರಿನ ಹೆಸರು ಬದಲಾಯಿಸುವ ಚಾಳಿ ನಮಗೊಬ್ಬರಿಗೇ ಅಲ್ಲ.

ದಾರಿಯುದ್ದಕ್ಕೂ ಹಳೆಯ ರೈಲ್ವೆ ಗೇಟುಗಳ ಪಕ್ಕ ಕಾವಲುಗಾರರ ಪುಟ್ಟ ಮನೆಗಳು. ಕೆಲವಕ್ಕೆ ಜರೇನಿಯಂ ಹೂವಿನ ಕುಂಡ, ಕೆಲವಕ್ಕೆ ಮುಚ್ಚಿದ ಕದ. ನಿಲ್ದಾಣದ ಕಟ್ಟಡಗಳು ಹಾಗೇ ಇವೆ. ಪ್ಲಾಟ್‌ಫಾರಂ ಕಲ್ಲಿಗೆ ಬೆನ್ನು ಕೊಟ್ಟು ಬಾಳೆಹಣ್ಣು ತಿನ್ನುವಾಗ ಮೊದಲ ಸಲ ಅನ್ನಿಸಿತು: ನಾನು ಹಿಗ್ಗುತ್ತಿರುವ ಈ ಮೌನ ಸುಮ್ನೆ ಬಂದದ್ದಲ್ಲ. ಇಲ್ಲಿ ರೈಲು ಬರುತ್ತಿತ್ತು. ರೈಲಿಗೆ ಕಾಯುವ ಜನ ಇದ್ದರು. ಜನ ಕಡಿಮೆಯಾದ ಮೇಲೆ ರೈಲು ಹೋಯಿತೋ, ರೈಲು ಹೋದ ಮೇಲೆ ಜನ ಹೋದರೋ. ಅಂತೂ ಇಬ್ಬರೂ ಹೋದ ಮೇಲೆ ನಾನು ಬಂದೆ, ಬಾಡಿಗೆ ಸೈಕಲ್ ತಗೊಂಡು.

ಕೊರ್ಮಾತಾಂನ ಹದಿನೇಳನೇ ಶತಮಾನದ ಅರಮನೆಯನ್ನು ಕಂದಕದ ಆಚೆಯಿಂದ ನೋಡಿ ಮುಂದೆ ಹೋದೆ. ಟಿಕೆಟ್ ಕೊಟ್ಟು ಒಳಗೆ ಹೋಗಬಹುದಿತ್ತು. ಸೈಕಲ್ ಬೂಟು ಹಾಕಿಕೊಂಡು ಅರಮನೆಯ ಮರದ ನೆಲದ ಮೇಲೆ ಟಕಟಕ ಅಂತ ನಡೆಯುವ ಧೈರ್ಯ ನನಗಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲಿ, ದಿಣ್ಣೆಯ ಮೇಲೆ ತೇಜೆ. ಈ ಊರಿನ ಕಥೆಗೆ ನಿಲ್ಲಲೇಬೇಕು. 1940ರ ಆಗಸ್ಟಿನಲ್ಲಿ, ಫ್ರಾನ್ಸ್ ಯುದ್ಧದಲ್ಲಿ ಸೋತ ಹೊಸತರಲ್ಲಿ, ರೋಜರ್ ಅನ್ನುವ 25 ವರ್ಷದ ಸ್ವಿಸ್ ಯುವಕ ಜಿನೀವಾದಿಂದ ಸೈಕಲ್ ತುಳಿದುಕೊಂಡು ಇಲ್ಲಿಗೆ ಬಂದ. ಪ್ರಾರ್ಥನೆಗೂ, ಕಷ್ಟದಲ್ಲಿರುವವರಿಗೆ ಆಸರೆ ಕೊಡಲಿಕ್ಕೂ ಒಂದು ಮನೆ ಹುಡುಕುತ್ತಿದ್ದ. ಆಗಲೇ ಊರು ಅರ್ಧ ಖಾಲಿ. ಊಟ ಹಾಕಿದ ಒಬ್ಬ ಮುದುಕಿ ಹೇಳಿದಳಂತೆ, ಇಲ್ಲೇ ಇದ್ದುಬಿಡಪ್ಪ, ನಾವು ಒಂಟಿಯಾಗಿಬಿಟ್ಟಿದ್ದೇವೆ, ಚಳಿಗಾಲ ಬಲು ಉದ್ದ ಅಂತ. ಅವನು ಉಳಿದ. ನಿರಾಶ್ರಿತರನ್ನು, ಯಹೂದಿಗಳನ್ನು ಬಚ್ಚಿಟ್ಟುಕೊಂಡ. ಆಮೇಲೆ ಅದೇ ಬ್ರದರ್ ರೋಜರ್ ಕಟ್ಟಿದ ಮಠವಾಯಿತು. ಈಗ ಬೇಸಿಗೆಯ ವಾರಗಳಲ್ಲಿ ದೇಶದೇಶಗಳಿಂದ ಸಾವಿರಾರು ಹುಡುಗ ಹುಡುಗಿಯರು ಟೆಂಟ್ ಹಾಕುತ್ತಾರೆ. ನಾನು ಹೋದಾಗ ಸೆಪ್ಟೆಂಬರ್ ಆದ್ದರಿಂದ ಗದ್ದಲ ಇರಲಿಲ್ಲ. ಸಂಜೆಯ ಪ್ರಾರ್ಥನೆಯಲ್ಲಿ ನಾಲ್ಕು ಸಾಲಿನ ಒಂದೇ ಹಾಡನ್ನು ಮತ್ತೆ ಮತ್ತೆ ಹಾಡುತ್ತಿದ್ದರು, ನಮ್ಮ ಭಜನೆಯ ಹಾಗೆ. ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕೂತು ಕೇಳಿದೆ. ಆ ಮುದುಕಿ ಆ ಹೊತ್ತು ಬಾಯಿ ಬಿಟ್ಟು ಕೇಳದಿದ್ದರೆ? ಊರಿನ ಹಿರಿಯರು ಸಾಮಾನ್ಯವಾಗಿ ಹಾಗೆ ಕೇಳುವುದಿಲ್ಲ. ನನ್ನ ಅಪ್ಪ ಅಮ್ಮ ಒಂದು ದಿನವೂ ಕೇಳಿಲ್ಲ.

ಕ್ಲೂನಿಯಲ್ಲಿ ಎರಡು ರಾತ್ರಿ. ಊಟದ ಕಥೆ ಹೇಳಿಬಿಡುತ್ತೇನೆ. ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ತಿನ್ನುವುದಿಲ್ಲ. ಈ ಸೀಮೆಯ ಹೆಸರು ಬರ್ಗಂಡಿ, ಇಲ್ಲಿ ಇದು ಹೇಳಿಕೊಳ್ಳುವಂಥ ವಿಷಯವಲ್ಲ. ಮೆನುವಿನಲ್ಲಿ "ಎ" ಅಂದರೆ ಮೊಟ್ಟೆಗಳು ಅಂತ ಗೊತ್ತಿದ್ದರಿಂದ ಧೈರ್ಯವಾಗಿ ಬೆರಳಿಟ್ಟೆ. ಬಂತು: ಕೆಂಪು ವೈನಿನ ಗೊಜ್ಜಿನಲ್ಲಿ ತೇಲುವ ಎರಡು ಮೊಟ್ಟೆ, ಅದರ ಸುತ್ತ ಹಂದಿ ಮಾಂಸದ ತುಣುಕು. ಬಡಿಸಿದಾಕೆ ನನ್ನ ಮುಖ ನೋಡಿ ತಟ್ಟೆ ಒಯ್ದು ಮೇಕೆ ಹಾಲಿನ ಚೀಸು, ಸಲಾಡು, ಬ್ರೆಡ್ಡು ತಂದಿಟ್ಟಳು. ಎರಡನೇ ರಾತ್ರಿ ಅದನ್ನೇ ಕೇಳಿ ತಿಂದೆ.

ಕ್ಲೂನಿ ನೋಡಲು ಹೋದವರು ನೋಡುವುದು ಇಲ್ಲದಿರುವುದನ್ನು. ಇಲ್ಲಿಯ ಮಠ 910ರಲ್ಲಿ ಶುರುವಾಯಿತು. ಅದರ ಮೂರನೇ ಚರ್ಚನ್ನು 1088ರಲ್ಲಿ ಕಟ್ಟಲು ತೊಡಗಿದರು. ಉದ್ದ 187 ಮೀಟರ್. ರೋಮಿನಲ್ಲಿ ಸಂತ ಪೀಟರನ ಚರ್ಚನ್ನು ಹೊಸದಾಗಿ ಕಟ್ಟುವ ತನಕ ಕ್ರೈಸ್ತ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡದು ಇರಲಿಲ್ಲ. ಫ್ರೆಂಚ್ ಕ್ರಾಂತಿಯ ನಂತರ 1798ರಲ್ಲಿ ವ್ಯಾಪಾರಿಗಳಿಗೆ ಮಾರಾಟವಾಯಿತು. ಕೊಂಡವರು ಅದನ್ನು ಕಲ್ಲಿನ ಗಣಿ ಮಾಡಿಕೊಂಡರು. ಕೋಟೆಯ ಕಲ್ಲು ಕೊಟ್ಟಿಗೆಯ ಗೋಡೆಗೆ ಹೋಗುವುದನ್ನು ನಾವೂ ನೋಡಿದ್ದೇವಲ್ಲ. ನೆಪೋಲಿಯನ್ ಕಾಲದಲ್ಲಿ ಆ ಜಾಗದಲ್ಲಿ ಸರ್ಕಾರಿ ಕುದುರೆ ಲಾಯ ಬಂತು. ಈಗ ಉಳಿದದ್ದು ಹತ್ತರಲ್ಲೊಂದು ಪಾಲೂ ಇಲ್ಲ: ಅಡ್ಡ ಅಂಕಣದ ಒಂದು ತೋಳು, ಅದರ ಮೇಲೆ ಎಂಟು ಮೂಲೆಯ ಗೋಪುರ. ಉಳಿದಿರುವ ಆ ತೋಳಿನ ಒಳಗೆ ನಿಂತು ತಲೆಯೆತ್ತಿದರೆ ಕತ್ತು ನೋಯುತ್ತದೆ. ಒಂದು ತೋಳೇ ಇಷ್ಟಾದರೆ ಮೈ ಎಷ್ಟಿತ್ತು ಅಂತ ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು.

ಭಾನುವಾರ ದಕ್ಷಿಣಕ್ಕೆ ಹೊರಟೆ. ಹಸಿರು ದಾರಿ ಬ್ವಾ ಕ್ಲೇರ್ ಸುರಂಗದೊಳಗೆ ಹೋಗುತ್ತದೆ. ಒಂದು ಕಿಲೋಮೀಟರ್ 600 ಮೀಟರ್ ಉದ್ದ. ಹೊರಗೆ ಬಿಸಿಲು, ಒಳಗೆ ಹಲ್ಲು ಕಡಿಯುವ ಥಂಡಿ. ಚಳಿಗಾಲದಲ್ಲಿ ಸುರಂಗ ಮುಚ್ಚುತ್ತಾರೆ, ಬಾವಲಿಗಳು ಅಲ್ಲಿ ನಿದ್ದೆ ಹೋಗುವುದರಿಂದ. ಸೈಕಲ್ಲಿನವರು ಆಗ ಗುಡ್ಡ ಹತ್ತಿ ದಾಟಬೇಕು. ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತು. ಆಚೆ ಬದಿಗೆ ಬೆರ್ಝೆ ಕೋಟೆ, ದ್ರಾಕ್ಷಿ ಬಳ್ಳಿಗಳ ಮೇಲೆ ಗೋಪುರಗಳನ್ನು ಎತ್ತಿ ಹಿಡಿದಂತೆ. ವಾಪಸ್ ಬರುವಾಗ ಹಿಂದಿನಿಂದ ಒಂದು ಸದ್ದು ಬಂತು, ತಿರುಗುವಷ್ಟರಲ್ಲಿ ಮುಗಿಯಿತು. ಪ್ಯಾರಿಸ್–ಲಿಯೋನ್ ವೇಗದ ರೈಲು. 1981ರಿಂದ ಕ್ಲೂನಿಯ ಪಕ್ಕದಲ್ಲೇ ಓಡುತ್ತದೆ, ಕ್ಲೂನಿಯಲ್ಲಿ ನಿಲ್ದಾಣವಿಲ್ಲ. ನಿಲ್ಲುವ ರೈಲು ಹೋಯಿತು, ನಿಲ್ಲದ ರೈಲು ಬಂತು.

ಸೋಮವಾರ ನಕ್ಷೆಯ ಬಿಳಿ ಗೆರೆಗಳ ದಿನ. ಕ್ಲೂನಿಯಿಂದ ತೂರ್ನ್ಯು ನಿಲ್ದಾಣಕ್ಕೆ ಸುತ್ತು ಬಳಸಿದರೂ 40 ಕಿಲೋಮೀಟರ್ ಹತ್ತಿರ ಅಷ್ಟೇ. ಬೆಂಗಳೂರಿನಲ್ಲಾದರೆ ತಿಂಡಿಗೆ ಮುಂಚೆ ಮುಗಿಸುವ ದೂರ. ನನಗೆ ಹಗಲೆಲ್ಲ ಬೇಕಾಯಿತು. ಶಾಪೇಝ್‌ನ ಹನ್ನೊಂದನೇ ಶತಮಾನದ ಚರ್ಚಿನಲ್ಲೇ ಒಂದು ಗಂಟೆ ಕೂತೆ. ಪುಟ್ಟ ಊರಿಗೆ ಹೊಂದದಷ್ಟು ಎತ್ತರದ ಗಂಟೆಗೋಪುರ. ಒಳಗೆ ದಪ್ಪ ದುಂಡು ಕಂಬಗಳು ಕಣ್ಣಿಗೆ ಕಾಣುವಷ್ಟು ವಾಲಿವೆ. ಸಾವಿರ ವರ್ಷದಿಂದ ಬೀಳುವ ಹಾಗೆ ನಿಂತಿವೆ. ಚಿತ್ರವಿಲ್ಲ, ಚಿನ್ನವಿಲ್ಲ, ಬರಿ ಕಲ್ಲು, ಸುಣ್ಣದ ವಾಸನೆ.

ಅಲ್ಲಿಂದ ಬ್ರಾಂಸ್ಯೋಗೆ ಏರು. ರಸ್ತೆಗೆ ಹೊಸದಾಗಿ ಜಲ್ಲಿ ಹರಡಿದ್ದರು. "ಗ್ರಾವಿಯೋಂ" ಅಂತ ಬೋರ್ಡ್ ಕಂಡರೆ ಸಣ್ಣ ಟಯರಿನವರು ದೇವರನ್ನು ನೆನೆಯಬೇಕು. ನಾನು ನೆನೆಯಲಿಲ್ಲ. ಹಿಂದಿನ ಚಕ್ರ ಪಂಕ್ಚರ್. ಟ್ಯೂಬ್ ಬದಲಿಸುವಾಗ ಎರಡು ಕಾರು ದಾಟಿದವು. ಎರಡೂ ನಿಂತು, ಸಹಾಯ ಬೇಕಾ ಅಂತ ಕೇಳಿ ಹೋದವು. ಬ್ರಾಂಸ್ಯೋ ಗುಡ್ಡದ ತುದಿಯ ಹಳ್ಳಿ. ಕೋಟೆ, ಮರದ ಕಂಬಗಳ ಹಳೇ ಸಂತೆಕಟ್ಟೆ, ಕೊನೆಯಲ್ಲಿ ಒಂದು ಚರ್ಚು, ಅದರಾಚೆ ಬರಿ ಕಣಿವೆ. ಕಾರುಗಳನ್ನು ಕೆಳಗೇ ನಿಲ್ಲಿಸಬೇಕು. ಚೆಂದ ಅಂದರೆ ಚೆಂದ. ಆದರೆ ಒಗೆದ ಬಟ್ಟೆ ಒಣಗಿಸಿದ ಒಂದು ಹಗ್ಗ ಕಾಣಲಿಲ್ಲ. ಒಗ್ಗರಣೆಯ ಸದ್ದಿಲ್ಲ, ಮಗುವಿನ ಅಳು ಇಲ್ಲ. ಇಷ್ಟು ಒಪ್ಪವಾದ ಊರು ನೋಡಿದರೆ ನನಗೆ ಸ್ವಲ್ಪ ಹೆದರಿಕೆ.

ಇಳಿಜಾರಿನ ಹಳ್ಳಿಗಳಲ್ಲಿ ಹೀಗಿಲ್ಲ. ಅವು ಪ್ರವಾಸಿಗರಿಗೆ ಸಿಂಗರಿಸಿಕೊಂಡಿಲ್ಲ. ಬಟ್ಟೆ ಒಗೆಯುವ ಸಾರ್ವಜನಿಕ ಕಟ್ಟೆಗಳು, ಮೇಲೆ ಹೆಂಚಿನ ಮಾಡು, ಇಳಿಜಾರು ಮಾಡಿ ಹಾಸಿದ ಕಲ್ಲು. ನಮ್ಮ ಕೆರೆಯ ಸೋಪಾನದ ಕಲ್ಲಿನ ಹಾಗೇ ಸವೆದಿದೆ. ಈಗ ಅದರಲ್ಲಿ ಎಲೆ ತೇಲುತ್ತವೆ. ಪಂಚಾಯ್ತಿ ಆಫೀಸಿನಂಥ ಕಟ್ಟಡದ ಎರಡು ಬದಿಗೆ ಎರಡು ಬಾಗಿಲು, ಮೇಲೆ ಕಲ್ಲಿನಲ್ಲಿ ಕೆತ್ತಿದ್ದಾರೆ: ಹುಡುಗರ ಶಾಲೆ, ಹುಡುಗಿಯರ ಶಾಲೆ. ಈಗ ಎರಡೂ ಬಾಗಿಲಿಗೆ ಬೀಗ. ಬೇಕರಿ ಇಲ್ಲ. ಬದಲಿಗೆ ಎಟಿಎಂ ಥರದ ಒಂದು ಡಬ್ಬ, ನಾಣ್ಯ ಹಾಕಿದರೆ ಬಾಗೆತ್ ಬ್ರೆಡ್ಡು ಬೀಳುತ್ತದೆ. ಬಾಗೆತ್ ಮಾಡುವ ಕಲೆಯನ್ನು ಯುನೆಸ್ಕೊ 2022ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ನಾನು ಆ ಪರಂಪರೆಯನ್ನು ಡಬ್ಬದಿಂದ ಎಳೆದು, ಕಟ್ಟೆ ಮೇಲೆ ಕೂತು ಹಾಗೇ ಮುರಿದು ತಿಂದೆ. ಹಸಿದಿದ್ದೆ, ಚೆನ್ನಾಗಿತ್ತು.

ಎದುರಿಗೆ ಮೊದಲ ಮಹಾಯುದ್ಧದ ಸ್ಮಾರಕ. ಫ್ರಾನ್ಸಿನ ಹೆಚ್ಚುಕಡಿಮೆ ಎಲ್ಲ ಊರಲ್ಲೂ ಇದೆ. ಆ ದೇಶ 1914–18ರಲ್ಲಿ ಕಳೆದುಕೊಂಡದ್ದು 14 ಲಕ್ಷದಷ್ಟು ಸೈನಿಕರನ್ನು. ಅಂಕಿ ಕೇಳಿದರೆ ಏನೂ ಅನ್ನಿಸುವುದಿಲ್ಲ. ಕಲ್ಲಿನ ಮುಂದೆ ಕೂತು ಬ್ರೆಡ್ಡು ತಿನ್ನುತ್ತಾ ಹೆಸರು ಓದಬೇಕು. ಒಂದೇ ಮನೆತನದ ಹೆಸರು ಮೂರು ಸಲ. ಇನ್ನೊಂದು ಎರಡು ಸಲ. ಎಣಿಸಿದರೆ 27 ಜನ. ಸುತ್ತ ನೋಡಿದರೆ ಮನೆಗಳೇ ಮೂವತ್ತೋ ನಲವತ್ತೋ. ಅದಕ್ಕೂ ಮುಂಚೆ ಹತ್ತೊಂಬತ್ತನೇ ಶತಮಾನದ ಕೊನೆಗೆ, ಅಮೆರಿಕದಿಂದ ಬಂದ ಫಿಲೋಕ್ಸೆರಾ ಹುಳ ದ್ರಾಕ್ಷಿ ಬೇರುಗಳನ್ನೇ ತಿಂದುಹಾಕಿತ್ತು. ಆಮೇಲೆ ಟ್ರಾಕ್ಟರು ಬಂತು, ಹತ್ತು ಜನರ ಕೆಲಸ ಒಬ್ಬನಿಗಾಯಿತು. ಮಕ್ಕಳು ಲಿಯೋನ್‌ಗೋ ಪ್ಯಾರಿಸ್‌ಗೋ ಹೋದರು. ಈಶಾನ್ಯದಿಂದ ನೈರುತ್ಯಕ್ಕೆ ದೇಶದ ಮೈಮೇಲೆ ಓರೆಯಾಗಿ ಹಾದುಹೋಗುವ ಜನ ವಿರಳವಾದ ಪಟ್ಟಿಗೆ ಫ್ರೆಂಚರು "ಖಾಲಿತನದ ಕರ್ಣರೇಖೆ" ಅನ್ನುತ್ತಾರೆ. ಅದು ಇಲ್ಲಿಂದ ಪಶ್ಚಿಮಕ್ಕೆ. ಇಲ್ಲೇ ಹೀಗಾದರೆ ಅಲ್ಲಿ ಹೇಗೋ.

ನಾನು ಮೂರು ದಿನದಿಂದ ಹೊಗಳುತ್ತಿದ್ದ ಬಿಳಿ ಗೆರೆಗಳು ಬಿಳಿಯಾಗಿಯೇ ಉಳಿದದ್ದು ಹೀಗೆ. ರಸ್ತೆ ಮಾಡಿದ್ದು ದಿನಾ ಓಡಾಡುವ ಜನರಿಗೆ. ಜನ ಹೋದರು, ರಸ್ತೆ ಉಳಿಯಿತು. ಹಾಗಂತ ಸೈಕಲ್ ತುಳಿಯುವುದು ಪಾಪ ಅಂತ ನನಗೇನೂ ಅನ್ನಿಸಲಿಲ್ಲ. ಹಸಿರು ದಾರಿಯ ಪಕ್ಕದಲ್ಲಿ ಕಾಫಿ ಅಂಗಡಿ, ಬಾಡಿಗೆ ಕೋಣೆ ನಡೆಯುತ್ತಿರುವುದು ಸೈಕಲ್ಲಿನವರಿಂದಲೇ. ಆದರೆ "ಎಷ್ಟು ಪ್ರಶಾಂತ!" ಅನ್ನುವ ಮಾತು ಮಾತ್ರ ಬಾಯಿಗೆ ಬರುವುದು ನಿಂತಿತು. ನಮ್ಮೂರಿಗೆ ಹೋದಾಗ ಬೆಂಗಳೂರಿನ ಗೆಳೆಯರೂ ಇದೇ ಮಾತು ಹೇಳಿದ್ದರು. ನಮ್ಮ ಬೀದಿಯ ಹನ್ನೊಂದು ಮನೆಯಲ್ಲಿ ಆಗ ಏಳಕ್ಕೆ ಬೀಗ ಇತ್ತು. ಅಪ್ಪ ಸುಮ್ಮನೆ ನಕ್ಕಿದ್ದರು.

ಹನ್ನೆರಡರ ಹೊತ್ತಿಗೆ ಮುಂದಿನ ಊರು. ಬಾಟಲಿ ಖಾಲಿ. ಈಗ ಹಿಂಜರಿಕೆ ಏನೂ ಉಳಿದಿರಲಿಲ್ಲ, ನೇರ ಸ್ಮಶಾನಕ್ಕೆ. ಒಳಗೆ ಒಬ್ಬ ಅಜ್ಜಿ ಇದ್ದರು. ಎಂಬತ್ತು ದಾಟಿರಬೇಕು. ಅಲ್ಲಿ ಮೊದಲು "ಬೋನ್ಜೂರ್" ಅನ್ನದೆ ಯಾವ ಮಾತೂ ಶುರುವಾಗಬಾರದು ಅಂತ ಅಷ್ಟರಲ್ಲಿ ಕಲಿತಿದ್ದೆ. ಅಂದೆ. ಅವರೂ ಅಂದರು. ನನ್ನ ಬಾಟಲಿ ನೋಡಿ ನಲ್ಲಿಯ ಕಡೆ ಕೈ ತೋರಿಸಿದರು. ಕುಡಿಯಬಹುದು ಅನ್ನುವ ಹಾಗೆ ತಲೆಯಾಡಿಸಿದರು.

ನನ್ನ ಹರಕು ಫ್ರೆಂಚಿನಲ್ಲಿ ಇಂಡಿಯಾ ಅಂದೆ. ಒಬ್ಬನೇನಾ ಅಂದರು. ಹೌದು ಅಂದೆ. ಮಕ್ಕಳು? ಒಬ್ಬಳು ಮಗಳು. ಅಮ್ಮ ಅಪ್ಪ? ಇದ್ದಾರೆ, ಊರಿನಲ್ಲಿ. ನಮ್ಮ ಕಡೆಯ ಬಸ್ಸಿನಲ್ಲಿ ಪಕ್ಕ ಕೂತ ಯಾವ ಅಜ್ಜಿಯಾದರೂ ಇದೇ ಕ್ರಮದಲ್ಲಿ ಕೇಳುತ್ತಿದ್ದರು. ಅವರ ಮಗ ಲಿಯೋನ್‌ನಲ್ಲಂತೆ. ನವೆಂಬರ್ ಒಂದಕ್ಕೆ ಬರುತ್ತಾನೆ, ಎಲ್ಲರೂ ಬರುತ್ತಾರೆ ಅಂದರು. ಅವತ್ತು ಸತ್ತವರಿಗೆ ಸೇವಂತಿಗೆ ಇಡುವ ದಿನ. ನಮ್ಮೂರಿನ ಬೀಗಗಳೂ ಪಕ್ಷದ ದಿನಗಳಲ್ಲೇ ತೆರೆಯುವುದು. ಅದನ್ನು ಹೇಳುವಷ್ಟು ಫ್ರೆಂಚ್ ನನ್ನಲ್ಲಿರಲಿಲ್ಲ.

ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಅವರ ಹತ್ತಿರ ಎರಡು ನೀರಿನ ಕ್ಯಾನ್ ಇದ್ದವು, ಹಸಿರು ಬಣ್ಣದ ಪ್ಲಾಸ್ಟಿಕ್ಕಿನವು. ಒಂದನ್ನು ನನ್ನ ಕೈಗೆ ಕೊಟ್ಟು ಮೂಲೆಯ ಸಮಾಧಿ ತೋರಿಸಿದರು. ಯಾರದು ಅಂತ ಕೇಳಲಿಲ್ಲ. ತುಂಬಿಸಿಕೊಂಡು ಹೋಗಿ ಕುಂಡಗಳಿಗೆ ಹಾಕಿದೆ. ಜಾಸ್ತಿ ಹಾಕಿದೆ ಅನ್ನಿಸುತ್ತೆ, ಅವರು ಸಾಕು ಸಾಕು ಅಂತ ಕೈ ಬೀಸಿದರು. ವಾಪಸ್ ಬಂದು ಕ್ಯಾನ್ ಕೆಳಗಿಡುವಾಗ ಗಂಟೆ ಮತ್ತೆ ಹನ್ನೆರಡು ಹೊಡೆಯಿತು.

ನಾನು ಕೈಗಡಿಯಾರ ನೋಡಿಕೊಂಡೆ. ಅವರು ನಕ್ಕರು. ಕೆಲವು ಹಳ್ಳಿಗಳಲ್ಲಿ ಹೀಗೇ ಅಂತೆ, ಒಂದೆರಡು ನಿಮಿಷ ಬಿಟ್ಟು ಅದೇ ಗಂಟೆಯನ್ನು ಎರಡನೇ ಸಲ ಹೊಡೆಯುತ್ತದೆ. ದೂರದ ಹೊಲದಲ್ಲಿದ್ದವರು ಮೊದಲ ಸಲ ಲೆಕ್ಕ ತಪ್ಪಿದ್ದರೆ ಇರಲಿ ಅಂತ.